ಲ್ಯಾಪ್‌ಟಾಪ್ ಹೊತ್ತು ಗಿರಿ ಹತ್ತುವವರಿಗೂ, ಅವರಿಗೆ ವೈಫೈ ಕೊಡುವವರಿಗೂ ಒಂದು ಬಹಿರಂಗ ಪತ್ರ

ಚಿಕ್ಕಮಗಳೂರು ಜಿಲ್ಲೆಗೆ ರಜೆ ಕಳೆಯಲು ಬರುವ ನೌಕರರಿಗೆ, ಅವರನ್ನು ಇಳಿಸಿಕೊಳ್ಳುವ ಹೋಂಸ್ಟೇ ಮಾಲೀಕರಿಗೆ, ಜಿಲ್ಲಾಡಳಿತ ಮತ್ತು ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ವಾರಾಂತ್ಯಕ್ಕೆ ಗಿರಿ ಕಡೆ ಹೊರಟ ಕಾರಿನ ಡಿಕ್ಕಿಯಲ್ಲಿ ರೇನ್‌ಕೋಟು, ಶೂ, ಮಕ್ಕಳ ಕುರುಕಲು ತಿಂಡಿಯ ನಡುವೆ ಕಪ್ಪು ಬ್ಯಾಗೊಂದು ಇದ್ದೇ ಇರುತ್ತದೆ. ಒಳಗೆ ಕಂಪನಿಯ ಲ್ಯಾಪ್‌ಟಾಪ್. ‘ತೆಗೆಯೋದಿಲ್ಲ, ಸುಮ್ನೆ ಇರ್ಲಿ’ ಅಂತ ತಂದದ್ದು. ಮರುದಿನ ಬೆಳಿಗ್ಗೆ ಅಕ್ಕಿರೊಟ್ಟಿ ತಟ್ಟೆಗೆ ಬೀಳುವ ಹೊತ್ತಿಗೆ ಅದು ಜಗಲಿಯ ಮೇಜಿನ ಮೇಲೆ ಬಾಯಿ ತೆರೆದು ಕೂತಿರುತ್ತದೆ. ‘ವೈಫೈ ಪಾಸ್‌ವರ್ಡ್ ಏನು?’ ಎಂಬ ಪ್ರಶ್ನೆ ಅಡುಗೆಮನೆಯವರೆಗೂ ಕೇಳಿಸುತ್ತದೆ. ಬಹಳಷ್ಟು ಮನೆಗಳಲ್ಲಿ ಉತ್ತರ ಒಂದೇ. ಒಂದರಿಂದ ಎಂಟು.

ನಾವು ಈ ಭಾಗದ ಹೋಂಸ್ಟೇ, ಎಸ್ಟೇಟ್ ಬಂಗಲೆ, ಸಣ್ಣ ಕಚೇರಿಗಳಿಗೆ ವೈಫೈ, ಸಿಸಿಟಿವಿ, ಕಂಪ್ಯೂಟರ್ ಜೋಡಿಸಿಕೊಡುವ ಕೆಲಸದವರು. ಕಂಪನಿಗಳು ತಮ್ಮ ನೌಕರರಿಗೆ ಕಳಿಸುವ ಸುರಕ್ಷತಾ ಸೂಚನೆಗಳು ನಮ್ಮ ಕಣ್ಣಿಗೂ ಬೀಳುತ್ತವೆ. ಅವುಗಳಲ್ಲಿ ತಪ್ಪೇನಿಲ್ಲ, ಆದರೆ ಅವೆಲ್ಲ ನೆಟ್‌ವರ್ಕ್ ಯಾವಾಗಲೂ ಇದ್ದೇ ಇರುತ್ತದೆ ಎಂದುಕೊಂಡು ಬರೆದವು. ಒಟಿಪಿ ಬರಬೇಕು, ಫೋನಿನಲ್ಲಿ ‘ಅಪ್ರೂವ್’ ಒತ್ತಬೇಕು, ಕಳೆದುಹೋದ ಯಂತ್ರವನ್ನು ಕಚೇರಿಯವರು ದೂರದಿಂದಲೇ ಅಳಿಸಬೇಕು. ಮಲೆನಾಡಿನಲ್ಲಿ ಒಂದು ತಿರುವಿನಲ್ಲಿ ನಾಲ್ಕು ಕಡ್ಡಿ ಸಿಗ್ನಲ್, ಮುಂದಿನ ತಿರುವಿನಲ್ಲಿ ಸೊನ್ನೆ. ಬೇಕಾದ ಹೊತ್ತಿಗೇ ಬೀಗ ಕೈಕೊಡುತ್ತದೆ, ಆಗ ಜನ ಬೀಗವನ್ನೇ ತೆಗೆದಿಟ್ಟು ಕೆಲಸ ಮುಗಿಸುತ್ತಾರೆ. ಹಾಗಾಗಿ ಇಲ್ಲಿಗೆ ಬರುವವರ ಸುರಕ್ಷತೆಯ ಅರ್ಧ ಕೆಲಸ ಊರು ಬಿಡುವ ಮೊದಲೇ ಮುಗಿದಿರಬೇಕು. ಉಳಿದರ್ಧ ಆತಿಥೇಯರ ರೌಟರಿನಲ್ಲಿದೆ. ಎರಡನ್ನೂ ಬಿಡಿಸಿ ಹೇಳಲು ಈ ಪತ್ರ.

ಮೊದಲು ಅತಿಥಿಗಳಿಗೆ. ಲ್ಯಾಪ್‌ಟಾಪ್ ತರದೇ ಇರುವುದೇ ಎಲ್ಲಕ್ಕಿಂತ ಒಳ್ಳೆಯದು. ಇದನ್ನು ಹೇಳಿದರೆ ಯಾರೂ ಕೇಳುವುದಿಲ್ಲ ಎಂದು ಗೊತ್ತಿದ್ದೇ ಹೇಳುತ್ತಿದ್ದೇವೆ. ತರಲೇಬೇಕಾದರೆ, ಕಂಪನಿಯ ಯಂತ್ರವನ್ನು ಪ್ರವಾಸಕ್ಕೆ ಒಯ್ಯಲು ಅನುಮತಿ ಇದೆಯೇ ಎಂದು ಐಟಿ ವಿಭಾಗವನ್ನು ಒಂದು ಮಾತು ಕೇಳಿ. ಕೆಲವು ಕಂಪನಿಗಳು ಒಪ್ಪುವುದಿಲ್ಲ, ಕೆಲವು ಅದಕ್ಕೆಂದೇ ಬೇರೆ ಯಂತ್ರ ಕೊಡುತ್ತವೆ.

ಇನ್ನು ಅಪ್‌ಡೇಟ್. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ವಿಂಡೋಸ್‌ನ ಭದ್ರತಾ ತೇಪೆಗಳನ್ನು ಬಿಡುತ್ತದೆ. ಅದೇ ವಾರ ಪ್ರವಾಸವಿದ್ದರೆ ಗುರುವಾರದೊಳಗೆ ಹಾಕಿಸಿ, ಯಂತ್ರವನ್ನು ರೀಸ್ಟಾರ್ಟ್ ಮಾಡಿ ನೋಡಿ. ಹಾಕಿಸಿ ರೀಸ್ಟಾರ್ಟ್ ಮಾಡದೆ ಬಂದರೆ, ನೀವು ಮೂಡಿಗೆರೆ ಹತ್ತಿರದ ಕೋಣೆಯಲ್ಲಿ ಗುಂಡಿ ಒತ್ತಿದಾಗ ಅದು ‘ಅರ್ಧ ಗಂಟೆ ಕಾಯಿರಿ’ ಎನ್ನುತ್ತದೆ, ಅಷ್ಟರಲ್ಲಿ ಕರೆಂಟು ಹೋಗುತ್ತದೆ, ಬ್ಯಾಟರಿಯೂ ಮುಗಿಯುತ್ತದೆ. ಅಪ್‌ಡೇಟಿನ ನಡುವೆ ಸತ್ತ ಯಂತ್ರ ಕೆಲವೊಮ್ಮೆ ಮತ್ತೆ ಎದ್ದಾಗ ಡಿಸ್ಕಿನ ಬೀಗ ತೆಗೆಯುವ 48 ಅಂಕಿಯ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತದೆ. ಆ ಕೀ ಕಚೇರಿಯ ಪೋರ್ಟಲಿನಲ್ಲಿರುತ್ತದೆ, ಪೋರ್ಟಲ್ ತೆರೆಯಲು ನೆಟ್ ಬೇಕು, ನೆಟ್ ಇರುವುದು ಗುಡ್ಡದ ಆಚೆ. ಆದ್ದರಿಂದ ಐಟಿ ಸಹಾಯವಾಣಿಯ ಫೋನ್ ನಂಬರನ್ನು ಕಾಗದದ ಮೇಲೆ ಬರೆದು ಪರ್ಸಿನಲ್ಲಿಡಿ. ಕೀಯನ್ನೇ ಬರೆದು ಲ್ಯಾಪ್‌ಟಾಪ್ ಬ್ಯಾಗಿನೊಳಗೆ ಹಾಕುವುದು ಮಾತ್ರ ಬೀಗದ ಕೈಯನ್ನು ಬೀಗಕ್ಕೇ ನೇತುಹಾಕಿದ ಹಾಗೆ.

ಡಿಸ್ಕಿನ ಮಾಹಿತಿಯನ್ನೆಲ್ಲ ಗೂಢಲಿಪಿಯಲ್ಲಿಡುವ ಡಿಸ್ಕ್ ಎನ್‌ಕ್ರಿಪ್ಶನ್ ಆನ್ ಇದೆಯೇ ಎಂದು ಹೊರಡುವ ಮೊದಲು ಖಚಿತಪಡಿಸಿಕೊಳ್ಳಿ. ವಿಂಡೋಸ್‌ನಲ್ಲಿ ಅದಕ್ಕೆ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಎಂಬ ಹೆಸರು, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್. ಇದು ಆನ್ ಇಲ್ಲದಿದ್ದರೆ ನಿಮ್ಮ ಲಾಗಿನ್ ಪಾಸ್‌ವರ್ಡ್ ಎಷ್ಟು ಗಟ್ಟಿಯಿದ್ದರೂ ಕೆಲಸಕ್ಕೆ ಬಾರದು. ಕದ್ದವನು ಡಿಸ್ಕ್ ಬಿಚ್ಚಿ ಇನ್ನೊಂದು ಯಂತ್ರಕ್ಕೆ ಹಾಕಿದರೆ ಎಲ್ಲ ಫೈಲುಗಳೂ ತೆರೆಯುತ್ತವೆ. ಇದ್ದರೂ ಅದು ಪೂರ್ತಿ ಕಾಯುವುದು ಯಂತ್ರ ಆಫ್ ಆಗಿದ್ದಾಗ. ಮುಚ್ಚಳ ಮುಚ್ಚಿ ನಿದ್ದೆಗೆ ಕಳಿಸಿದ ಯಂತ್ರದ ಮೆಮೊರಿಯಲ್ಲಿ ಡಿಸ್ಕಿನ ಕೀ ಇನ್ನೂ ಉಳಿದಿರುತ್ತದೆ. ಕೋಣೆ ಬಿಟ್ಟು ಝರಿ ಫಾಲ್ಸಿಗೋ ಹೆಬ್ಬೆಗೋ ಹೊರಟಾಗ ಮುಚ್ಚಿದರೆ ಸಾಲದು, ಶಟ್‌ಡೌನ್ ಮಾಡಿ.

ಇನ್ನೊಂದು ಸಣ್ಣ ಸಂಗತಿ. ಬೆರಳಚ್ಚಿನಿಂದ ಲಾಗಿನ್ ಆಗುವ ಅಭ್ಯಾಸದವರು ಪಿನ್ ಮರೆತಿರುತ್ತಾರೆ. ಜುಲೈ ಮಳೆಯಲ್ಲಿ ನೆನೆದು, ಇಂಬಳ ಕಿತ್ತು, ಸುಕ್ಕುಗಟ್ಟಿದ ಬೆರಳನ್ನು ಸೆನ್ಸರ್ ಗುರುತಿಸುವುದಿಲ್ಲ. ಬರುವ ಹಿಂದಿನ ದಿನ ಒಮ್ಮೆ ಪಿನ್ ಒತ್ತಿಯೇ ಲಾಗಿನ್ ಆಗಿ.

ಈಗ ಒಟಿಪಿಯ ವಿಷಯ. ನಮ್ಮ ಲೆಕ್ಕದಲ್ಲಿ ಇಲ್ಲಿಗೆ ಬರುವವರು ಹೆಚ್ಚು ಎಡವುವುದು ಇಲ್ಲೇ. ಕೋಣೆಯಲ್ಲಿ ವೈಫೈ ಇದೆ, ಮೊಬೈಲ್ ಸಿಗ್ನಲ್ ಇಲ್ಲ. ಕಚೇರಿಯ ಮೇಲ್ ಒಟಿಪಿ ಕೇಳುತ್ತದೆ, ಎಸ್ಸೆಮ್ಮೆಸ್ ಬರುವುದಿಲ್ಲ. ಆಗ ಜನ ಮಾಡುವುದು ಮೂರು. ಸಿಮ್ಮನ್ನು ಊರಿನಲ್ಲಿರುವವರ ಫೋನಿಗೆ ಹಾಕಿಟ್ಟು ಬಂದು, ವಾಟ್ಸಾಪ್ ಕಾಲಿನಲ್ಲಿ ಒಟಿಪಿ ಓದಿಸಿಕೊಳ್ಳುವುದು. ಪ್ರವಾಸ ಮುಗಿಯುವ ತನಕ ಎರಡು ಹಂತದ ಪರಿಶೀಲನೆಯನ್ನೇ ತೆಗೆಸುವುದು. ಇಲ್ಲವೇ ತನ್ನ ಪಾಸ್‌ವರ್ಡನ್ನು ಸಹೋದ್ಯೋಗಿಗೆ ಕೊಟ್ಟು ‘ಅದೊಂದು ಫೈಲ್ ಕಳಿಸಿಬಿಡು ಗುರು’ ಎನ್ನುವುದು. ಮೂರೂ ಬೇಡ. ಅಥೆಂಟಿಕೇಟರ್ ಆ್ಯಪ್ ತೋರಿಸುವ ಆರಂಕಿಯ ಕೋಡ್‌ಗೆ ನೆಟ್ಟೇ ಬೇಕಿಲ್ಲ. ಫೋನಿನೊಳಗಿನ ಒಂದು ಗುಟ್ಟಿನ ಸಂಖ್ಯೆ ಮತ್ತು ಆ ಕ್ಷಣದ ಗಡಿಯಾರ, ಇವೆರಡನ್ನು ಸೇರಿಸಿ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಅದು ಹೊಸ ಕೋಡ್ ಹುಟ್ಟಿಸುತ್ತದೆ. ಏರೋಪ್ಲೇನ್ ಮೋಡಿನಲ್ಲೂ ಕೆಲಸ ಮಾಡುತ್ತದೆ. ಅದಕ್ಕೆ ಬೇಕಾದ್ದು ಸರಿಯಾದ ಸಮಯ ಮಾತ್ರ. ಫೋನಿನ ಗಡಿಯಾರವನ್ನು ಕೈಯಿಂದ ತಿರುಗಿಸಿ ಒಂದೆರಡು ನಿಮಿಷ ಮುಂದಿಟ್ಟುಕೊಳ್ಳುವ ಚಟವಿದ್ದರೆ ಬಿಡಿ, ಕೋಡ್ ತಪ್ಪು ಎಂದು ತಿರಸ್ಕಾರವಾಗುತ್ತಲೇ ಇರುತ್ತದೆ.

‘ಅಪ್ರೂವ್’ ಎಂದು ಕೇಳುವ ಪುಶ್ ಸಂದೇಶಕ್ಕೆ ಮಾತ್ರ ನೆಟ್ ಬೇಕೇ ಬೇಕು. ನಿಮ್ಮ ಕಚೇರಿ ಅದನ್ನಷ್ಟೇ ಬಳಸುತ್ತಿದ್ದರೆ, ಆರಂಕಿಯ ಕೋಡನ್ನೂ ಸೇರಿಸಿಕೊಡಿ ಎಂದು ಐಟಿಯವರನ್ನು ಮೊದಲೇ ಕೇಳಿ. ಬ್ಯಾಕಪ್ ಕೋಡ್‌ಗಳನ್ನು ಕೊಡುವ ಖಾತೆಯಾದರೆ ಅವನ್ನು ಕಾಗದಕ್ಕಿಳಿಸಿ ಲ್ಯಾಪ್‌ಟಾಪಿನಿಂದ ದೂರ, ಬೇರೆ ಚೀಲದಲ್ಲಿಡಿ. ಫೋನಿನಲ್ಲಿ ವೈಫೈ ಕಾಲಿಂಗ್ ಸೌಲಭ್ಯವಿದ್ದರೆ ಆನ್ ಮಾಡಿ, ಹಲವು ಫೋನುಗಳಲ್ಲಿ ಒಟಿಪಿ ಎಸ್ಸೆಮ್ಮೆಸ್ಸೂ ಆ ದಾರಿಯಲ್ಲೇ ಬರುತ್ತದೆ. ನಿಮ್ಮದರಲ್ಲಿ ಬರುತ್ತದೋ ಇಲ್ಲವೋ ಎಂದು ಮನೆಯಲ್ಲೇ ನೋಡಬಹುದು. ಏರೋಪ್ಲೇನ್ ಮೋಡ್ ಹಾಕಿ, ವೈಫೈ ಮಾತ್ರ ಆನ್ ಮಾಡಿ, ಒಂದು ಒಟಿಪಿ ತರಿಸಿ ನೋಡಿ.

ಪುಶ್ ಸಂದೇಶದಲ್ಲಿ ಇನ್ನೊಂದು ಅಪಾಯವಿದೆ. ಇಡೀ ದಿನ ಕಾಡಿನಲ್ಲಿದ್ದು ಸಂಜೆ ಸಿಗ್ನಲ್ಲಿಗೆ ಬಂದಾಗ ಫೋನು ಜಾತ್ರೆಯ ಹಾಗೆ ಸದ್ದು ಮಾಡುತ್ತದೆ. ಆ ಗದ್ದಲದಲ್ಲಿ ‘ಲಾಗಿನ್ ಆಗುತ್ತಿರುವುದು ನೀವೇನಾ?’ ಎಂಬುದೂ ಒಂದು. ದಣಿದ ಕೈ ಎಲ್ಲದಕ್ಕೂ ‘ಹೌದು’ ಒತ್ತುತ್ತದೆ. ಇಂಥ ಸಂದೇಶಗಳ ಆಯುಷ್ಯ ಬಹಳ ಕಡಿಮೆ, ಬೆಳಗಿನವು ಸಂಜೆಗೆ ಸತ್ತಿರುತ್ತವೆ. ಅಂದರೆ ಇನ್ನೂ ಒತ್ತಲು ಬರುವ ಹಾಗೆ ಜೀವಂತವಾಗಿರುವ ಸಂದೇಶ ಎಂದರೆ ಈಗಷ್ಟೇ ಯಾರೋ ನಿಮ್ಮ ಪಾಸ್‌ವರ್ಡ್ ಹಾಕಿದ್ದಾರೆ. ನೀವು ಆ ನಿಮಿಷದಲ್ಲಿ ಲಾಗಿನ್ ಆಗುತ್ತಿಲ್ಲವಾದರೆ ‘ಇಲ್ಲ’ ಒತ್ತಿ, ಪಾಸ್‌ವರ್ಡ್ ಬದಲಿಸಿ, ಕಚೇರಿಗೆ ತಿಳಿಸಿ.

ವೈಫೈಗೂ ಸ್ವಂತ ಹಾಟ್‌ಸ್ಪಾಟಿಗೂ ನಡುವೆ ಆಯ್ಕೆ ಇದ್ದರೆ ಹಾಟ್‌ಸ್ಪಾಟನ್ನೇ ಆರಿಸಿ. ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಮಾಡಿದರೆ ಇನ್ನೂ ಲೇಸು, ಗಾಳಿಯಲ್ಲಿ ಹೆಸರೂ ಕಾಣುವುದಿಲ್ಲ, ಫೋನೂ ಚಾರ್ಜ್ ಆಗುತ್ತದೆ. ವಿಡಿಯೋ ಮೀಟಿಂಗ್ ಗಂಟೆಗೆ ಸುಮಾರು ಒಂದು ಜಿಬಿ ನುಂಗುತ್ತದೆ, ಕ್ಯಾಮೆರಾ ಮುಚ್ಚಿ ಬರೀ ಮಾತಾಡಿದರೆ ಅದರ ಸಣ್ಣ ಪಾಲು ಸಾಕು. ವಿಂಡೋಸ್‌ನಲ್ಲಿ ಆ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತು ಮಾಡಿಡಿ, ಇಲ್ಲದಿದ್ದರೆ ಹಿನ್ನೆಲೆಯ ಡೌನ್‌ಲೋಡುಗಳೇ ದಿನದ ಡೇಟಾ ಮುಗಿಸುತ್ತವೆ. ಹೋಂಸ್ಟೇ ವೈಫೈ ಅನಿವಾರ್ಯವಾದರೆ, ಸೇರಿಕೊಳ್ಳುವಾಗ ನೆಟ್‌ವರ್ಕನ್ನು ‘ಪಬ್ಲಿಕ್’ ಎಂದು ಆರಿಸಿ. ಆಗ ಪಕ್ಕದ ಕೋಣೆಯವರಿಗೆ ನಿಮ್ಮ ಯಂತ್ರ ಕಾಣಿಸುವುದಿಲ್ಲ, ಫೈಲ್ ಹಂಚಿಕೆಯೂ ಮುಚ್ಚಿರುತ್ತದೆ. ಹೊರಡುವ ದಿನ ಆ ಹೆಸರನ್ನು ‘ಫರ್ಗೆಟ್’ ಮಾಡಿ.

ನೆಟ್ ಸಂಚಾರವನ್ನೆಲ್ಲ ಗೂಢಲಿಪಿಯಲ್ಲಿ ಕಳಿಸುವ ವಿಪಿಎನ್ ಹಾಕಿದೆ, ಇನ್ನೇನು ಭಯ ಎನ್ನುವವರಿಗೆ ಎರಡು ಮಾತು. ರೆಸಾರ್ಟುಗಳಲ್ಲಿ ಮೊದಲು ಕೋಣೆ ನಂಬರ್ ಕೇಳುವ ಪುಟ ಬರುತ್ತದಲ್ಲ, ಅದನ್ನು ತುಂಬಿ ಮುಗಿಸುವವರೆಗೆ ವಿಪಿಎನ್ ಕೂರುವುದಿಲ್ಲ. ಆ ಒಂದೆರಡು ನಿಮಿಷ ಯಂತ್ರ ಬಯಲಿನಲ್ಲಿರುತ್ತದೆ. ಆಗ ಮೇಲ್, ಚಾಟ್ ಯಾವುದನ್ನೂ ತೆರೆಯಬೇಡಿ. ಆ ಪುಟ ಏನಾದರೂ ಇನ್‌ಸ್ಟಾಲ್ ಮಾಡಿ ಎಂದರೆ, ಕಚೇರಿಯ ಪಾಸ್‌ವರ್ಡ್ ಕೇಳಿದರೆ, ಅಲ್ಲಿಗೇ ಬಿಟ್ಟುಬಿಡಿ. ಎರಡನೆಯದು ರೈಲು. ಯಶವಂತಪುರದಿಂದ ಹಾಸನದ ಮೇಲೆ ಮಂಗಳೂರಿಗೆ ಹೋಗುವ ಹಗಲು ರೈಲಿನಲ್ಲಿ ಕೂತು ಕೆಲಸ ಮಾಡುವವರಿದ್ದಾರೆ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳಿವೆ. ಸುರಂಗ ಸಿಕ್ಕಿದಲ್ಲೆಲ್ಲ ವಿಪಿಎನ್ ಕಡಿಯುತ್ತದೆ. ಹೊರಬಂದಾಗ ನೆಟ್ ಮೊದಲು ಬರುತ್ತದೆ, ವಿಪಿಎನ್ ಆಮೇಲೆ. ನಡುವಿನ ಕೆಲವು ಸೆಕೆಂಡುಗಳಲ್ಲಿ ಆ್ಯಪ್‌ಗಳು ನೇರ ದಾರಿ ಹಿಡಿದಿರುತ್ತವೆ. ವಿಪಿಎನ್‌ನಲ್ಲಿ ‘ಕಿಲ್ ಸ್ವಿಚ್’ ಅಥವಾ ‘ಆಲ್ವೇಸ್ ಆನ್’ ಇದ್ದರೆ ಅದು ಕೂರುವ ತನಕ ಏನನ್ನೂ ಹೊರಬಿಡುವುದಿಲ್ಲ. ಹಾಗೆ ಹೇಳಬೇಕೆಂದರೆ, ಆ ಘಾಟಿಯಲ್ಲಿ ಲ್ಯಾಪ್‌ಟಾಪ್ ಪರದೆ ನೋಡುವವರಿಗೆ ವಿಸ್ಟಾಡೋಮ್ ಬೋಗಿಯ ಟಿಕೆಟ್ ಕೊಡಲೇಬಾರದು.

ಈ ತಾಣ ಅಸಲಿಯೆಂದು ಖಚಿತವಿಲ್ಲ ಎನ್ನುವ ಸರ್ಟಿಫಿಕೇಟ್ ಎಚ್ಚರಿಕೆಯನ್ನು ಬ್ರೌಸರ್ ಕೆಂಪು ಬಣ್ಣದಲ್ಲಿ ಕೊಟ್ಟರೆ ‘ಅಡ್ವಾನ್ಸ್ಡ್’ ಒತ್ತಿ ಮುಂದೆ ಹೋಗಬೇಡಿ. ಯಂತ್ರದ ದಿನಾಂಕ ತಪ್ಪಿದ್ದರೂ ಈ ಎಚ್ಚರಿಕೆ ಬರುತ್ತದೆ, ಮೊದಲು ಅದನ್ನು ನೋಡಿ. ದಿನಾಂಕ ಸರಿಯಿದ್ದೂ ಬಂದರೆ, ನಡುವೆ ಯಾರೋ ನಿಂತಿರಬಹುದು. ಹೇಗೆ ನಿಲ್ಲುತ್ತಾರೆ ಎಂಬುದನ್ನು ಮುಂದೆ ಮಾಲೀಕರ ಭಾಗದಲ್ಲಿ ಹೇಳುತ್ತೇವೆ.

ಬಸ್ ನಿಲ್ದಾಣದ ಯುಎಸ್‌ಬಿ ಕಿಂಡಿಯಲ್ಲಿ ಚಾರ್ಜ್ ಮಾಡಿದರೆ ಫೋನಿನ ಮಾಹಿತಿ ಕದಿಯುತ್ತಾರೆ ಎಂಬ ಸುದ್ದಿ ಆಗಾಗ ಹರಿದಾಡುತ್ತದೆ. ಇದಕ್ಕೆ ಅಷ್ಟು ಹೆದರಬೇಕಿಲ್ಲ. ನಿಮ್ಮದೇ ಚಾರ್ಜರನ್ನು ಗೋಡೆಯ ಪ್ಲಗ್ಗಿಗೆ ಹಾಕಿ, ‘ಡೇಟಾ ಹಂಚಲೇ?’ ಎಂದು ಫೋನ್ ಕೇಳಿದರೆ ಬೇಡ ಎನ್ನಿ. ಅದಕ್ಕಿಂತ ಅಪಾಯದ್ದು ಕಾರಿನ ಗಾಜು. ಗಿರಿಯ ಜೀಪು ಹತ್ತುವಾಗ ಹಿಂದಿನ ಸೀಟಿನಲ್ಲಿ ಬ್ಯಾಗು ಕಾಣುವ ಹಾಗೆ ಬಿಟ್ಟು ಹೋಗುವುದು, ಅಥವಾ ಪಾರ್ಕಿಂಗಿಗೆ ಬಂದ ಮೇಲೆ ಎಲ್ಲರೆದುರು ಅದನ್ನು ಡಿಕ್ಕಿಗೆ ಸಾಗಿಸುವುದು. ಡಿಕ್ಕಿಗೆ ಹಾಕುವುದಾದರೆ ಕೋಣೆ ಬಿಡುವಾಗಲೇ ಹಾಕಿ. ಅದಕ್ಕಿಂತ, ಕೋಣೆಯ ಬೀರುವಿನಲ್ಲಿ ಬೀಗ ಹಾಕಿ ಬಿಟ್ಟುಹೋಗುವುದು ಮೇಲು. ಮಳೆ ಬಂತು, ಮಕ್ಕಳಿಗೆ ಬೇಸರ, ಕಾರ್ಟೂನ್ ನೋಡಲಿ ಎಂದು ಕಚೇರಿಯ ಯಂತ್ರ ಕೊಡುವುದಂತೂ ಬೇಡವೇ ಬೇಡ. ಹತ್ತು ವರ್ಷದ ಹುಡುಗ ಆಟದ ಚೀಟ್ ಹುಡುಕಿ ಏನೇನು ಇಳಿಸಿಕೊಳ್ಳುತ್ತಾನೆ ಎಂಬುದು ಅವನಿಗೂ ಗೊತ್ತಿರುವುದಿಲ್ಲ.

ರಜೆಯ ಸ್ವಯಂ ಉತ್ತರದಲ್ಲಿ ‘12ರಿಂದ 16ರವರೆಗೆ ಚಿಕ್ಕಮಗಳೂರಿನಲ್ಲಿರುತ್ತೇನೆ, ನೆಟ್‌ವರ್ಕ್ ಸಿಗದು, ತುರ್ತಾದರೆ ಲೆಕ್ಕಪತ್ರ ವಿಭಾಗದ ಇಂಥವರನ್ನು ಸಂಪರ್ಕಿಸಿ’ ಎಂದು ಬರೆಯುವವರು ವಂಚಕರಿಗೆ ಪೂರ್ತಿ ನಕ್ಷೆ ಬರೆದುಕೊಟ್ಟಂತೆ. ಸಾಹೇಬರು ಐದು ದಿನ ಫೋನಿಗೆ ಸಿಗುವುದಿಲ್ಲ, ಹಣ ಕಳಿಸುವವರು ಯಾರೆಂದೂ ಗೊತ್ತಾಯಿತು. ಸಾಹೇಬರ ಹೆಸರಿನಲ್ಲೇ ‘ಈ ಸರಬರಾಜುದಾರರ ಬ್ಯಾಂಕ್ ಖಾತೆ ಬದಲಾಗಿದೆ, ಇವತ್ತೇ ಹಾಕಿ’ ಎಂದು ಒಂದು ಮೇಲ್ ಹೋಗುತ್ತದೆ. ಹೊರಗಿನವರಿಗೆ ‘ಸದ್ಯ ರಜೆಯಲ್ಲಿದ್ದೇನೆ, ಉತ್ತರ ತಡವಾಗಬಹುದು’ ಎಂಬಷ್ಟೇ ಸಾಕು. ಒಳಗಿನವರಿಗೆ ಬೇರೆ ಉತ್ತರ ಇಡುವ ಸೌಲಭ್ಯ ಔಟ್‌ಲುಕ್‌ನಲ್ಲಿದೆ. ಹಾಗೆಯೇ, ಪ್ರವಾಸದ ನಡುವೆ ‘ನಿಮ್ಮ ಗಾಡಿಗೆ ದಂಡ ಬಿದ್ದಿದೆ’ ಎಂದು ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲು, ಅಂದರೆ ಫೋನಿಗೆ ಆ್ಯಪ್ ಕೂರಿಸುವ ಫೈಲು, ಯಾವ ಇಲಾಖೆಯದ್ದೂ ಅಲ್ಲ. ಕಚೇರಿಯ ಮೇಲ್ ಇರುವ ಫೋನಿನಲ್ಲಿ ಅದನ್ನು ತೆರೆದು ಅನುಮತಿಗಳನ್ನು ಕೊಟ್ಟರೆ, ನಿಮಗೆ ಬರುವ ಒಟಿಪಿಗಳು ಬೇರೆಯವರಿಗೂ ಹೋಗತೊಡಗುತ್ತವೆ.

ಈಗ ಹೋಂಸ್ಟೇ ಮಾಲೀಕರೇ, ನಿಮ್ಮ ಜೊತೆ ಮಾತು.

ಒಂದರಿಂದ ಎಂಟು ಎಂಬ ಪಾಸ್‌ವರ್ಡ್ ಇಷ್ಟು ಜನಪ್ರಿಯವಾಗಲು ಕಾರಣವಿದೆ. ವೈಫೈ ಪಾಸ್‌ವರ್ಡ್ ಕನಿಷ್ಠ ಎಂಟು ಅಕ್ಷರ ಇರಲೇಬೇಕು ಎಂಬುದು ನಿಯಮ, ಜನ ಅಲ್ಲಿಗೇ ನಿಲ್ಲಿಸುತ್ತಾರೆ. ‘ಬರುವವರಿಗೆಲ್ಲ ಹೇಳಲೇಬೇಕಲ್ಲ, ಯಾವುದಾದರೇನು?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವ ಡಬ್ಲ್ಯುಪಿಎ2 ಎಂಬ ವೈಫೈ ಭದ್ರತಾ ಪದ್ಧತಿಯಲ್ಲಿ, ಪಾಸ್‌ವರ್ಡ್ ಗೊತ್ತಿರುವವನು ಇನ್ನೊಬ್ಬರ ಯಂತ್ರ ವೈಫೈ ಸೇರುವ ಕ್ಷಣದ ಸಂದೇಶಗಳನ್ನು ಹಿಡಿದುಕೊಂಡರೆ ಆ ಯಂತ್ರದ ವೈಫೈ ಸಂಚಾರವನ್ನು ಬಿಚ್ಚಿ ಓದಬಹುದು. ವೆಬ್‌ಸೈಟುಗಳ ಒಳಗಿನ ಮಾಹಿತಿಗೆ ಬೇರೆ ಗೂಢಲಿಪಿ ಇರುವುದರಿಂದ ಎಲ್ಲವೂ ಕಾಣುವುದಿಲ್ಲ, ಆದರೆ ಯಾರು ಯಾವ ತಾಣಕ್ಕೆ ಹೋದರು ಎಂಬುದು ಕಾಣುತ್ತದೆ. ಅದರ ನಂತರ ಬಂದ ಡಬ್ಲ್ಯುಪಿಎ3ರಲ್ಲಿ ಈ ದೌರ್ಬಲ್ಯವಿಲ್ಲ. ಇನ್ನೊಂದು, ನಿಮ್ಮದೇ ಹೆಸರು, ನಿಮ್ಮದೇ ಪಾಸ್‌ವರ್ಡ್ ಇಟ್ಟು ಯಾರಾದರೂ ಗೇಟಿನ ಹತ್ತಿರ ಇನ್ನೊಂದು ವೈಫೈ ಎಬ್ಬಿಸಿದರೆ, ಅತಿಥಿಗಳ ಫೋನು ಯಾವುದು ಗಟ್ಟಿಯಾಗಿ ಕೇಳಿಸುತ್ತದೋ ಅದಕ್ಕೆ ತಾನಾಗಿ ಸೇರಿಕೊಳ್ಳುತ್ತದೆ. ಗೋಡೆಗೆ ಬಣ್ಣದಲ್ಲಿ ಬರೆಸಿದ ಪಾಸ್‌ವರ್ಡ್ ಅತಿಥಿಗಳ ಫೋಟೋಗಳಲ್ಲಿ ಇನ್‌ಸ್ಟಾಗ್ರಾಮಿಗೂ ಹೋಗಿರುತ್ತದೆ.

ಇದಕ್ಕಿಂತ ದೊಡ್ಡದು ರೌಟರಿನ ಸೆಟ್ಟಿಂಗ್ ತೆರೆಯುವ ಅಡ್ಮಿನ್ ಪಾಸ್‌ವರ್ಡ್. ವೈಫೈ ಪಾಸ್‌ವರ್ಡ್ ಅಂಗಳದ ಗೇಟಾದರೆ ಇದು ಮನೆಯ ಬಾಗಿಲು. ಬಹುತೇಕ ರೌಟರುಗಳಿಗೆ ಅದು ಬೆನ್ನಿನ ಮೇಲಿನ ಚೀಟಿಯಲ್ಲೇ ಇರುತ್ತದೆ, ಹಳೆಯವಕ್ಕೆ ‘ಅಡ್ಮಿನ್, ಅಡ್ಮಿನ್’. ಒಳಹೊಕ್ಕವನು ತಾಣದ ಹೆಸರಿಗೆ ದಾರಿ ತೋರಿಸುವ ಡಿಎನ್‌ಎಸ್ ಎಂಬ ಒಂದು ಸಾಲು ಬದಲಿಸಿದರೆ ಸಾಕು, ಅತಿಥಿ ತನ್ನ ಬ್ಯಾಂಕಿನ ಹೆಸರು ಟೈಪ್ ಮಾಡಿದಾಗ ಬೇರೆ ಕಡೆಯ ನಕಲಿ ಪುಟ ಬರುತ್ತದೆ. ಮೇಲೆ ಹೇಳಿದ ಕೆಂಪು ಎಚ್ಚರಿಕೆ ಹೀಗೂ ಬರುತ್ತದೆ. ರೌಟರು ನೋಡಲು ಮೊದಲಿನ ಹಾಗೆಯೇ ಹಸಿರು ದೀಪ ಮಿನುಗಿಸುತ್ತಿರುತ್ತದೆ, ನಿಮಗೆ ಸುಳಿವೇ ಸಿಗುವುದಿಲ್ಲ.

ಸರಿಪಡಿಸಲು ಅರ್ಧ ಗಂಟೆ ಸಾಕು. ಬ್ರೌಸರಿನಲ್ಲಿ 192.168.1.1 ಅಥವಾ ಚೀಟಿಯ ಮೇಲಿರುವ ವಿಳಾಸ ತೆರೆಯಿರಿ. ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡಿ. ಪಾಸ್‌ವರ್ಡ್ ಇಲ್ಲದೆ ಗುಂಡಿ ಒತ್ತಿ ಅಥವಾ ಪಿನ್ ಹಾಕಿ ವೈಫೈ ಸೇರಲು ಬಿಡುವ ಡಬ್ಲ್ಯುಪಿಎಸ್ ಆಫ್ ಮಾಡಿ. ಹೊರಗಿನ ನೆಟ್‌ನಿಂದ ರೌಟರಿನ ಸೆಟ್ಟಿಂಗ್ ತೆರೆಯಲು ಬಿಡುವ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ. ಭದ್ರತೆಯನ್ನು ಡಬ್ಲ್ಯುಪಿಎ3ಕ್ಕೆ, ಹಳೆಯ ಫೋನುಗಳು ಸೇರದಿದ್ದರೆ ಡಬ್ಲ್ಯುಪಿಎ2 ಮತ್ತು 3ರ ಮಿಶ್ರಣಕ್ಕೆ ಇಡಿ. ರೌಟರಿನೊಳಗಿನ ತಂತ್ರಾಂಶಕ್ಕೆ, ಅಂದರೆ ಫರ್ಮ್‌ವೇರ್‌ಗೆ, ಅಪ್‌ಡೇಟ್ ಇದ್ದರೆ ಹಾಕಿ. ಆಮೇಲೆ ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿ, ಅದರಲ್ಲಿ ‘ಎಪಿ ಐಸೋಲೇಶನ್’ ಅಥವಾ ಅದೇ ಅರ್ಥದ ಆಯ್ಕೆಯನ್ನು ಒತ್ತಿ. ಆಗ ಒಂದು ಕೋಣೆಯ ಯಂತ್ರಕ್ಕೆ ಇನ್ನೊಂದು ಕೋಣೆಯದು ಕಾಣುವುದಿಲ್ಲ. ನಿಮ್ಮ ಬಿಲ್ಲಿಂಗ್ ಕಂಪ್ಯೂಟರ್, ಸಿಸಿಟಿವಿ, ಮನೆಯವರ ಫೋನು ಮುಖ್ಯ ನೆಟ್‌ವರ್ಕಿನಲ್ಲಿರಲಿ, ಅತಿಥಿಗಳಿಗೆ ಗೆಸ್ಟ್ ಮಾತ್ರ. ಗೆಸ್ಟ್ ಪಾಸ್‌ವರ್ಡ್‌ಗೆ ಮೂರು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿ. ಹೇಳಲು ಸುಲಭ, ಊಹಿಸಲು ಕಷ್ಟ. ತಿಂಗಳಿಗೊಮ್ಮೆ ಬದಲಿಸಿ, ಗೋಡೆಗೆ ಬರೆಸದೆ ಕೋಣೆಯ ಕೀಲಿಯ ಜೊತೆ ಚೀಟಿ ಕೊಡಿ. ಗೆಸ್ಟ್ ನೆಟ್‌ವರ್ಕ್ ಸೌಲಭ್ಯವೇ ಇಲ್ಲದ ಹಳೆಯ ರೌಟರಾದರೆ ಬದಲಿಸುವುದು ವಾಸಿ, ಎರಡು ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ.

ತೋಟದ ಮನೆಗಳು ಉದ್ದ. ತುದಿಯ ಕೋಣೆಗೆ ಸಿಗ್ನಲ್ ತಲುಪಿಸಲು ಎಕ್ಸ್‌ಟೆಂಡರ್ ಹಾಕಿಸಿರುತ್ತೀರಿ. ಸಾಧಾರಣ ಎಕ್ಸ್‌ಟೆಂಡರುಗಳು ತಾವು ಸೇರಿದ ಒಂದೇ ನೆಟ್‌ವರ್ಕನ್ನು ಮುಂದಕ್ಕೆ ಹರಡುತ್ತವೆ. ಅದನ್ನು ಮುಖ್ಯ ನೆಟ್‌ವರ್ಕಿಗೆ ಜೋಡಿಸಿದ್ದರೆ ತುದಿಯ ಕೋಣೆಯವರು ನಿಮ್ಮ ಬಿಲ್ಲಿಂಗ್ ಕಂಪ್ಯೂಟರಿನ ಪಕ್ಕದಲ್ಲೇ ಕೂತ ಹಾಗೆ. ಗೆಸ್ಟ್‌ಗೆ ಜೋಡಿಸಿ. ಎಕ್ಸ್‌ಟೆಂಡರಿಗೂ ಅದರದ್ದೇ ಅಡ್ಮಿನ್ ಪುಟ, ಅದರದ್ದೇ ಹಳೆಯ ಪಾಸ್‌ವರ್ಡ್ ಇರುತ್ತದೆ, ಅದನ್ನೂ ಬದಲಿಸಿ.

ಇಷ್ಟೆಲ್ಲ ಮಾಡಿದ್ದನ್ನು ಒಂದು ಸಿಡಿಲು ಅಳಿಸಿಬಿಡುತ್ತದೆ. ಏಪ್ರಿಲ್, ಮೇ ಗುಡುಗಿಗೆ ರೌಟರು ಸುಡುತ್ತದೆ, ಹೊಸದು ಬರುತ್ತದೆ, ಹೊಸದರ ಜೊತೆ ಹಳೆಯ ‘ಅಡ್ಮಿನ್’ ಕೂಡ. ಇಲ್ಲವೇ ನೆಟ್ ಬರುತ್ತಿಲ್ಲ ಎಂದು ಕೆಲಸದ ಹುಡುಗ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ಹತ್ತು ಸೆಕೆಂಡು ಹಿಡಿಯುತ್ತಾನೆ. ನೆಟ್ ಬರುತ್ತದೋ ಬಿಡುತ್ತದೋ, ನೀವು ಮಾಡಿದ ಸೆಟ್ಟಿಂಗ್ ಅಷ್ಟೂ ಹೋಗಿರುತ್ತದೆ. ರೌಟರ್ ಬದಲಾದಾಗ, ರೀಸೆಟ್ ಆದಾಗ ಮೇಲಿನ ಅರ್ಧ ಗಂಟೆಯ ಕೆಲಸ ಮತ್ತೆ ಮೊದಲಿನಿಂದ ಮಾಡಲೇಬೇಕು. ಗುಡುಗಿನ ಹೊತ್ತಿಗೆ ಪ್ಲಗ್ ಕಿತ್ತಿಡಿ. ಫೈಬರ್ ಎಳೆ ಗಾಜಿನದು, ಅದರ ಮೂಲಕ ಸಿಡಿಲು ಬರುವುದಿಲ್ಲ. ಬರುವುದು ಕರೆಂಟಿನ ತಂತಿಯಲ್ಲಿ ಮತ್ತು ಕಟ್ಟಡದಿಂದ ಕಟ್ಟಡಕ್ಕೆ ಎಳೆದ ಲ್ಯಾನ್ ಕೇಬಲಿನಲ್ಲಿ.

ಸಿಸಿಟಿವಿ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆಯ ಪಾಸ್‌ವರ್ಡಿಗೂ ಇದೇ ಮಾತು. ಅದರ ಜೊತೆ, ಜಗಲಿಯ ಕ್ಯಾಮೆರಾ ಅತಿಥಿಗಳು ಲ್ಯಾಪ್‌ಟಾಪ್ ಇಡುವ ಮೇಜಿನ ಬೆನ್ನ ಹಿಂದೆ ಇದ್ದರೆ ಪರದೆಯೂ ಪಾಸ್‌ವರ್ಡ್ ಒತ್ತುವ ಬೆರಳೂ ರೆಕಾರ್ಡ್ ಆಗುತ್ತವೆ. ಕ್ಯಾಮೆರಾ ಗೇಟು, ಪಾರ್ಕಿಂಗ್ ನೋಡಲಿ.

ಆಧಾರ್ ಪ್ರತಿಗಳ ವಿಷಯ ನಿಷ್ಠುರವಾಗಿ ಹೇಳಬೇಕು. ಅತಿಥಿಗಳಿಂದ ಆಧಾರ್ ಫೋಟೋ ವಾಟ್ಸಾಪಿನಲ್ಲಿ ತರಿಸಿಕೊಳ್ಳುತ್ತೀರಿ. ಅದು ಫೋನಿನ ಗ್ಯಾಲರಿಗೆ, ಅಲ್ಲಿಂದ ತಾನಾಗಿ ಕ್ಲೌಡಿಗೆ ಹೋಗಿ ಕೂರುತ್ತದೆ. ಮೂರು ವರ್ಷದ ಅತಿಥಿಗಳ ಗುರುತಿನ ಚೀಟಿಗಳಿರುವ ಫೋನು ಮಗನ ಕೈಯಲ್ಲಿ ಆಟಕ್ಕಿರುತ್ತದೆ. ಗುರುತು ನೋಡಿ ರಿಜಿಸ್ಟರಿನಲ್ಲಿ ಹೆಸರು, ವಿಳಾಸ, ಫೋನ್, ಚೀಟಿಯ ಕೊನೆಯ ನಾಲ್ಕು ಅಂಕಿ ಬರೆದುಕೊಳ್ಳಿ. ಪ್ರತಿಯೇ ಬೇಕೆಂದರೆ ಮೊದಲ ಎಂಟು ಅಂಕಿ ಮುಚ್ಚಿರುವ ಮಾಸ್ಕ್ಡ್ ಆಧಾರ್ ಕೇಳಿ, ಅದನ್ನು ಆಧಾರ್ ಪ್ರಾಧಿಕಾರದ ತಾಣದಿಂದಲೇ ಇಳಿಸಿಕೊಳ್ಳಬಹುದು. ಅತಿಥಿಗಳೇ, ನೀವೂ ಅದನ್ನೇ ಕೊಡಿ. ಕಂಪನಿಯ ಗುರುತಿನ ಚೀಟಿಯ ಫೋಟೋ ಮಾತ್ರ ಕೊಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಗರಿಷ್ಠ ದಂಡ 250 ಕೋಟಿ ರೂಪಾಯಿಯವರೆಗೆ ಇದೆ. ಮೂರು ಕೋಣೆಯ ಮನೆಗೆ ಆ ಅಂಕಿ ಬರುತ್ತದೆ ಎಂದು ಹೆದರಿಸುತ್ತಿಲ್ಲ. ಇನ್ನೊಬ್ಬರ ಮಾಹಿತಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಂಡ ಮೇಲೆ ಅದನ್ನು ಕಾಪಾಡುವ ಹೊಣೆಯೂ ನಿಮ್ಮದೇ ಎನ್ನುತ್ತಿದ್ದೇವೆ.

ಕಳೆದುಹೋದರೆ ಅಥವಾ ಅನುಮಾನ ಬಂದರೆ ಏನು ಮಾಡಬೇಕು? ಮೊದಲ ಫೋನು ಕಚೇರಿಗೆ. ರಜೆ ಮುಗಿಸಿ ಹೋಗಿ ಹೇಳೋಣ, ಅಷ್ಟರಲ್ಲಿ ಸಿಕ್ಕೀತು ಎಂದು ಕಾಯಬೇಡಿ. ವ್ಯವಸ್ಥೆಯೊಳಗೆ ಅನಧಿಕೃತ ಪ್ರವೇಶದಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್‌ನ ನಿರ್ದೇಶನ ಕಂಪನಿಗಳಿಗೆ ಹೇಳುತ್ತದೆ. ನೀವು ತಡ ಮಾಡಿದಷ್ಟೂ ಕಚೇರಿಯವರ ಕೈ ಕಟ್ಟಿಹೋಗುತ್ತದೆ. ಯಂತ್ರವನ್ನು ದೂರದಿಂದ ಅಳಿಸುವ ಆಜ್ಞೆ ಅದು ನೆಟ್‌ಗೆ ಬಂದಾಗ ಮಾತ್ರ ಕೆಲಸ ಮಾಡುತ್ತದೆ. ಆದರೆ ನಿಮ್ಮ ಖಾತೆಯನ್ನು ಕಚೇರಿಯವರು ತಮ್ಮ ಕಡೆಯಿಂದ ಆ ಕ್ಷಣವೇ ಮುಚ್ಚಬಹುದು, ಅದಕ್ಕೆ ನಿಮ್ಮ ಯಂತ್ರದಲ್ಲಿ ಸಿಗ್ನಲ್ ಬೇಕಿಲ್ಲ. ಫೋನ್ ಕಳೆದಿದ್ದರೆ ಪೊಲೀಸ್ ದೂರಿನ ಪ್ರತಿಯೊಂದಿಗೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲಿನಲ್ಲಿ ಅದನ್ನು ಬ್ಲಾಕ್ ಮಾಡಿಸಬಹುದು. ಅದಕ್ಕೆ ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ, ಅಂದರೆ ಐಎಂಇಐ, ಬೇಕು. *#06# ಒತ್ತಿ ಇವತ್ತೇ ಬರೆದಿಟ್ಟುಕೊಳ್ಳಿ, ಫೋನ್ ಹೋದ ಮೇಲೆ ಒತ್ತಲು ಫೋನೇ ಇರುವುದಿಲ್ಲ. ಹಣ ಹೋಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಹಿಡಿಸಲು ಮೊದಲ ಗಂಟೆಯೇ ಮುಖ್ಯ.

ಜಿಲ್ಲಾಧಿಕಾರಿಗಳೇ, ಪ್ರವಾಸೋದ್ಯಮ ಇಲಾಖೆಯವರೇ, ತಮ್ಮಲ್ಲಿ ನಮ್ಮ ಕೋರಿಕೆ ಮೂರೇ. ಹೋಂಸ್ಟೇ ನೋಂದಣಿ ಮತ್ತು ನವೀಕರಣದ ಅರ್ಜಿಯ ಜೊತೆ ಒಂದೇ ಪುಟದ ತಪಾಸಣಾ ಪಟ್ಟಿ ಇರಲಿ. ಅಡ್ಮಿನ್ ಪಾಸ್‌ವರ್ಡ್ ಬದಲಾಗಿದೆಯೇ, ಗೆಸ್ಟ್ ನೆಟ್‌ವರ್ಕ್ ಇದೆಯೇ, ಕ್ಯಾಮೆರಾ ಎಲ್ಲಿ ನೋಡುತ್ತಿದೆ, ಗುರುತಿನ ಚೀಟಿಗಳ ಪ್ರತಿ ಎಷ್ಟು ದಿನ ಇಡುತ್ತಾರೆ, ಇಷ್ಟು ಸಾಕು. ನೋಂದಾಯಿತ ಹೋಂಸ್ಟೇಗಳ ಹೆಸರು ಮತ್ತು ಅಧಿಕೃತ ಫೋನ್ ನಂಬರ್ ಜಿಲ್ಲೆಯ ಸರ್ಕಾರಿ ಜಾಲತಾಣದಲ್ಲಿ ಸುಲಭವಾಗಿ ಸಿಗುವಂತಿದ್ದು, ಆಗಾಗ ಪರಿಷ್ಕರಣೆ ಆಗಲಿ. ಬೇರೆಯವರ ಮನೆಯ ಫೋಟೋ ಹಾಕಿ ಮುಂಗಡ ಹೊಡೆಯುವವರನ್ನು ತಾಳೆ ನೋಡಲು ಜನರಿಗೆ ಒಂದು ಜಾಗ ಬೇಕು. ಮಳೆಗಾಲ ಶುರುವಾಗುವ ಮೊದಲು ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಯವರಿಂದ ತಾಲ್ಲೂಕಿಗೊಂದು ದಿನ ಮಾಲೀಕರಿಗೆ ತರಬೇತಿ ಆಗಲಿ, ರೌಟರ್ ಕೂರಿಸಿ ತೋರಿಸಲು ನಾವು ಬರುತ್ತೇವೆ, ಸಂಬಳ ಬೇಡ.

ಕೋರಿಕೆ ಮೂರೇ ಎಂದೆವು, ಇನ್ನೊಂದು ಬೋರ್ಡ್ ಉಳಿಯಿತು. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಸೈಬರ್ ಸಹಾಯವಾಣಿಯ ಸಂಖ್ಯೆಯೂ 1930. ದೇಶದ ಬೇರೆ ಯಾವ ಜಿಲ್ಲೆಯವರು ಎಷ್ಟು ಖರ್ಚು ಮಾಡಿದರೂ ಇಂಥ ನೆನಪಿನ ಗುರುತು ಸಿಗಲಾರದು. ಕೈಮರದ ಚೆಕ್‌ಪೋಸ್ಟ್‌ನಲ್ಲಿ ಗಾಡಿಗಳು ಹೇಗೂ ನಿಲ್ಲುತ್ತವೆ. ಅಲ್ಲಿ ಬೆಟ್ಟದ ಚಿತ್ರ, ಕೆಳಗೆ ಆ ನಾಲ್ಕು ಅಂಕಿ ಬರೆಸಿಕೊಡಿ.

ಇಂತಿ,
ಜಿಲ್ಲೆಯಲ್ಲಿ ನೆಟ್‌ವರ್ಕ್ ಮತ್ತು ಕಂಪ್ಯೂಟರ್ ಕೆಲಸ ಮಾಡುವ ಕೆಲವರು
ಚಿಕ್ಕಮಗಳೂರು